ಕಣ್ಣಾರೆ ಕಂಡ ಪಂಚ ರಾಜಾರಾಮ

ತಿಕೋಟಾ ಬಸ್ ನಿಲ್ದಾಣದ ಎದುರಿಗೆ ಬಂದೇನವಾಜನ ಚಹಾದಂಗಡಿ. ಅದರ ಮುಂದೆ ಕೂರಲು ಹಾಕಿದ ಮರದ ಬಾಕಿನ ಎಡತುದಿ ರಾಜಾರಾಮನದು. ಬೇರೆ ಯಾರಾದರೂ ಅಲ್ಲಿ ಕೂತರೆ ಬಂದೇನವಾಜ ಚಹಾ ಸೋಸುತ್ತಲೇ, "ಏಳ್ರೀ, ಅದು ಸರಕಾರಿ ಜಾಗಾ ಐತಿ" ಎಂದು ಎಬ್ಬಿಸುತ್ತಿದ್ದ. ಸುಳ್ಳೇನೂ ಅಲ್ಲ. ಸರಕಾರಕ್ಕೆ ರಾಜಾರಾಮ ಬೇಕಾದಾಗ ಜೀಪು ನೇರ ಆ ಬಾಕಿಗೇ ಬರುತ್ತಿತ್ತು.

ಅಧಿಕಾರಿಗಳು ಎಲ್ಲಿಯಾದರೂ ದಾಳಿಗೆ ಹೋದರೆ, ಅಲ್ಲಿ ಕಂಡದ್ದನ್ನು ಪಂಚನಾಮೆ ಅಂತ ಬರೆಯುತ್ತಾರೆ. ಅದಕ್ಕೆ ಊರಿನ ಇಬ್ಬರು ಪಂಚರು, ಅಂದರೆ ಸಾಕ್ಷಿದಾರರು, ಸಹಿ ಹಾಕಬೇಕು. ತಿಕೋಟಾದಲ್ಲಿ ಆ ಇಬ್ಬರಲ್ಲಿ ಒಬ್ಬ ಯಾವಾಗಲೂ ರಾಜಾರಾಮ. ಇನ್ನೊಬ್ಬ, ಅಂಗಡಿಯಲ್ಲಿ ಗಿರಾಕಿ ಇಲ್ಲದಿದ್ದರೆ, ಬಂದೇನವಾಜ.

ರಾಜಾರಾಮ ಹುಟ್ಟಿದಾಗಿನಿಂದ ಪಂಚನಲ್ಲ. ಪ್ರಾಯವೆಲ್ಲ ಪರರ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುತ್ತ ಕಳೆದವನು. ಮೊಣಕಾಲು ಮಾತು ಕೇಳದಂತಾದ ಮೇಲೆ ಮನೆಯಲ್ಲಿ ಕೂತ. ಒಂದು ದಿನ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯಲ್ಲಿ ಎರಡು ಮೋಟಾರ್ ಸೈಕಲ್ ಡಿಕ್ಕಿ ಹೊಡೆದವು. ಪೊಲೀಸರು ಬಂದು, ಹೆಸರು ಕೇಳಿಕೊಂಡು, "ರಾಜಾರಾಮ ಅವ್ರ, ಇಲ್ಲೊಂದು ಸಹಿ ಮಾಡ್ರಿ" ಅಂದರು. ಬಸ್ಸು ತಪ್ಪಿತು. ಆದರೆ ಆ "ಅವ್ರ" ಎನ್ನುವುದು ಕಿವಿಯಲ್ಲಿ ಉಳಿಯಿತು. ತೋಟದ ಮಾಲೀಕರು ಅವನನ್ನು ಜೀವಮಾನವಿಡೀ "ಲೇ ರಾಜ್ಯಾ" ಎಂದೇ ಕರೆದಿದ್ದರು. ಖಾಕಿ ತೊಟ್ಟವರು "ಅವ್ರ" ಅಂದರೆ ಬಸ್ಸು ಯಾವ ಲೆಕ್ಕ!

ಅಂದಿನಿಂದ ಅವನು ಎಲ್ಲ ಇಲಾಖೆಗಳಿಗೂ ಬೇಕಾದವನಾದ. ಕಳ್ಳ ಕರೆಂಟು, ಕಳ್ಳ ಸಾರಾಯಿ, ಬಾವಿಗೆ ಬಿದ್ದ ಹೆಣ, ಹೊಳೆಯಿಂದ ಕದ್ದ ಉಸುಕು, ಎಲ್ಲವನ್ನೂ ಅವನು "ಕಣ್ಣಾರೆ ಕಂಡಿದ್ದೇನೆ" ಎಂದು ಸಹಿ ಹಾಕಿದ್ದ. ನಿಜವಾಗಿ ಕಂಡದ್ದು ಹೆಚ್ಚಾಗಿ ಜೀಪಿನ ಹಿಂದಿನ ಸೀಟನ್ನು. ಪೊಲೀಸರು ಚಹಾ ಕುಡಿಸುತ್ತಿದ್ದರು, ಸಾರಾಯಿ ಹಿಡಿಯುವವರು ಚಹಾದ ಜೊತೆ ಮಿರ್ಚಿಭಜಿಯನ್ನೂ. ಕರೆಂಟಿನವರು ಬರೀ ನಮಸ್ಕಾರದಲ್ಲೇ ಮುಗಿಸುತ್ತಿದ್ದರು. ಭಜಿಯ ಮೇಲೆ ಕಣ್ಣಿಟ್ಟುಕೊಂಡೇ ಅವನು ಎಷ್ಟೋ ಭಟ್ಟಿಗಳನ್ನು ಕಣ್ಣಾರೆ ಕಂಡಿದ್ದ. ಈ ಸೇವೆಗೆಂದೇ ಒಂದು ಬಿಳಿ ಅಂಗಿ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ತೊಟ್ಟು ಹೊರಟರೆ ಹೆಂಡತಿ ಸೋನಾಬಾಯಿ ಒಲೆಯ ಮುಂದಿನಿಂದಲೇ ಕೇಳುವಳು:

"ಇವತ್ತ ಏನ್ ನೋಡದ ಬರ್ತೀರಿ?"

ಸೋನಾಬಾಯಿಯ ಹೆಸರು ಇರುವುದು ಹುಗ್ಗಿಯಲ್ಲಿ. ಅವರ ಓಣಿಯ ದುರಗವ್ವನ ಗುಡಿಯಲ್ಲಿ ಅಮಾವಾಸ್ಯೆಗೊಮ್ಮೆ ಗೋಧಿ ಹುಗ್ಗಿ ಮಾಡಿ ಮಕ್ಕಳಿಗೆ ಉಣಿಸುವುದು ರೂಢಿ. ಕುಟ್ಟಿದ ಗೋಧಿ, ಬೆಲ್ಲ, ಕೊಬ್ಬರಿ, ಗಸಗಸೆ. ಮದುವೆಯಾಗಿ ಬಂದ ಮರುವರ್ಷದಿಂದ ಆ ಕೊಪ್ಪರಿಗೆಯಲ್ಲಿ ಆಡುವ ಸೌಟು ಅವಳದೇ. ಸ್ನಾನ ಮಾಡಿ, ತಲೆ ತುಂಬ ಸೆರಗು ಹೊದ್ದು, ಒಲೆಗೆ ಕೈಮುಗಿದು ಸೌಟು ಹಿಡಿದರೆ ಹುಗ್ಗಿ ಇಳಿಯುವವರೆಗೆ ಯಾರ ಜೊತೆಗೂ ಮಾತಿಲ್ಲ. ಮಕ್ಕಳಿಲ್ಲದ ಮನೆ. ಆ ಓಣಿಯ ಮಕ್ಕಳು ಬಾಳೆಲೆ ನೆಕ್ಕುವುದನ್ನು ನೋಡುವುದೇ ಅವಳ ತಿಂಗಳ ಹಬ್ಬ.

ಹಿಂದಿನ ಅಮಾವಾಸ್ಯೆಗೆ ಆ ಹಬ್ಬ ಕೆಟ್ಟಿತು. ಹುಗ್ಗಿ ಉಂಡ ಮಕ್ಕಳಿಗೆ ಸಂಜೆಯ ಹೊತ್ತಿಗೆ ವಾಂತಿ, ಭೇದಿ. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ದುರಗವ್ವನ ದಯೆ, ಎಲ್ಲರೂ ಎದ್ದು ಕೂತರು. ಆಮೇಲೆ ಓಣಿ ಕಾರಣ ಹುಡುಕಿತು. ಬೆಲ್ಲ ಎಲ್ಲರ ಮನೆಯಲ್ಲೂ ತಿನ್ನುವ ಬೆಲ್ಲವೇ, ನೀರು ಎಲ್ಲರೂ ಕುಡಿಯುವ ನೀರೇ. ಹೊಸದಾಗಿ ಬಂದದ್ದು ಅಂದರೆ ಒಣದ್ರಾಕ್ಷಿ. ದ್ರಾಕ್ಷಿ ವ್ಯಾಪಾರದ ಅಮೋಘಿ ಸಾವಕಾರರು ಆ ತಿಂಗಳಿಂದ ಗುಡಿಗೆ ದಾನ ಕೊಡಲು ಶುರುಮಾಡಿದ್ದರು. ತೊಳೆದು, ಎಣ್ಣೆ ಹಚ್ಚಿ, ಮಿಂಚುವಂಥ ಹಣ್ಣು. ಮೇಲೆ ಅರಿಷಿಣ ಕುಂಕುಮ ಬೇರೆ. ದೇವರಿಗೆ ಕೊಟ್ಟದ್ದನ್ನು ಸಂಶಯಿಸುವುದು ಪಾಪ. ಸೋನಾಬಾಯಿಯನ್ನು ಸಂಶಯಿಸುವುದು ಸುಲಭ.

"ಆಕೀ ಕೈ ಕೆಟ್ಟೈತಿ" ಎಂದಿತು ಓಣಿ.

ಓಣಿಯ ಹಿರಿಯಳು ಸಕ್ರವ್ವ. ಗುಡಿಯ ಕೀಲಿ ಅವಳ ಸೊಂಟದಲ್ಲಿರುತ್ತದೆ. ಆಕೆ ಸೋನಾಬಾಯಿಯ ಹೊಸ್ತಿಲಿಗೆ ಬಂದು, ಕೂರದೆ, ನಿಂತೇ ಹೇಳಿ ಹೋದಳು:

"ನೋಡ ಸೋನವ್ವಾ, ಬರೂ ಅಮಾಸಿಗೆ ಇನ್ನೊಮ್ಮಿ ಮಾಡು. ಆಗೂ ಹಂಗ ಆತಂದ್ರ, ಸೌಟು ದುರಗವ್ವನ ಮುಂದ ಇಟ್ಟು ಬಿಡು. ನಾ ಅಂದೆ ಅಂತ ಸಿಟ್ಟಾಗಬ್ಯಾಡ."

ಸೋನಾಬಾಯಿ ಸಿಟ್ಟಾಗಲಿಲ್ಲ. ಅಂದಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಒಮ್ಮೊಮ್ಮೆ ನಿಲ್ಲಿಸಿ ತನ್ನ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಅಷ್ಟೇ. ರಾಜಾರಾಮ ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ. ಆ ವಿದ್ಯೆ ಅವನಿಗೆ ಹೊಸದಲ್ಲವಲ್ಲ.

ಅಮಾವಾಸ್ಯೆಯ ಹಿಂದಿನ ದಿನ, ಗುರುವಾರ, ಜೀಪು ಬಂತು. ವಿಜಯಪುರದಿಂದ ಆಹಾರ ತಪಾಸಣೆಯ ಸಾಹೇಬರು, ಹೆಸರು ವಿದ್ಯಾಧೀಶ. ಕೊಳಕು ಗೋದಾಮುಗಳ ಮೇಲೆ ದಾಳಿ ಮಾಡಿ ವರದಿ ಕೊಡಬೇಕೆಂದು ಮೇಲಿನಿಂದ ಕಾಗದ ಬಂದಿತ್ತಂತೆ. ಹಾಗಾಗಿ ಸಾಹೇಬರು ಅಮೋಘಿ ಸಾವಕಾರರಿಗೆ ಮುಂಜಾನೆಯೇ ಫೋನ್ ಮಾಡಿ, ದಿಢೀರ್ ದಾಳಿಗೆ ಎಷ್ಟು ಹೊತ್ತಿಗೆ ಬಂದರೆ ಅನುಕೂಲ ಎಂದು ಕೇಳಿಕೊಂಡೇ ಹೊರಟಿದ್ದರು. ಜೊತೆಗೆ ದೀಪಾಲಿ ಎಂಬ ಸಹಾಯಕಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಮೊಬೈಲಿನಲ್ಲಿ ಫೋಟೋ ತೆಗೆಯುವುದು ಅವಳ ಪಾಲಿನ ಕಾನೂನು.

"ರಾಜಾರಾಮ ಅವ್ರ, ಹತ್ರಿ. ಬಂದೇನವಾಜ, ನೀವೂ ಬರ್ರಿ."

"ಹಾಲು ಒಲಿ ಮ್ಯಾಲ ಐತ್ರಿ ಸಾಹೇಬ್ರ."

"ಹತ್ತೇ ಮಿನಿಟಿನ ಕೆಲಸ ಅದ. ಹಾಲು ಉಕ್ಕೂದ್ರಾಗ ಬರ್ತೀರಿ."

ಗೋದಾಮು ಊರ ಹೊರಗೆ, ಬಬಲೇಶ್ವರದ ಕಡೆಗೆ ಹೋಗುವ ದಾರಿಯಲ್ಲಿತ್ತು. ಮುಂದಿನ ಕೋಣೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಬಾಗಿಲಿಗೆ ರಂಗೋಲಿ, ಗೋಡೆಗೆ ಲಕ್ಷ್ಮಿಯ ಪಟ, ಪಟದ ಪಕ್ಕದಲ್ಲಿ ಗಾಜು ಹಾಕಿಸಿದ ಲೈಸನ್ಸು. ಎರಡಕ್ಕೂ ಒಂದೇ ಹೂವಿನ ಹಾರ ಎಳೆದು ಹಾಕಿದ್ದರು. ಹಣ್ಣು ಆರಿಸುವ ಹೆಂಗಸರು ತಲೆಗೆ ಹೊಚ್ಚ ಹೊಸ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗು ತಡೆದುಕೊಳ್ಳುತ್ತಿದ್ದರು.

"ಬರ್ರಿ ಬರ್ರಿ, ದೇವರು ಬಂದಂಗ ಬಂದ್ರಿ" ಎಂದರು ಅಮೋಘಿ ಸಾವಕಾರರು. ದುಂಡನೆಯ ಮನುಷ್ಯ, ಹಣೆಯ ತುಂಬ ಭಂಡಾರದ ಅರಿಷಿಣ. "ಮೊದಲ ಚಹಾ ಆಗ್ಲಿ."

ಸಾಹೇಬರು ಕುರ್ಚಿಯಲ್ಲಿ ಕೂತು, ಮುಂದಿನ ತಟ್ಟೆಯ ಹಣ್ಣನ್ನು ಬೆರಳಲ್ಲಿ ಸರಿಸಿ, "ಛಲೋ ಅದ" ಎಂದು ಬರೆಯತೊಡಗಿದರು. ರಾಜಾರಾಮ ತನ್ನ ಪೆನ್ನಿನ ಟೊಪ್ಪಿಗೆ ತೆಗೆದ. ಎಲ್ಲವೂ ಹಾಲು ಉಕ್ಕುವುದರೊಳಗೆ ಮುಗಿಯುವುದಿತ್ತು. ಆದರೆ ದೀಪಾಲಿಗೆ ಬಚ್ಚಲಿಗೆ ಹೋಗಬೇಕಾಯಿತು. ಯಾರನ್ನೂ ಕೇಳಲು ನಾಚಿಕೊಂಡು, ತಾನೇ ಹಿಂದಿನ ಬಾಗಿಲು ತೆಗೆದಳು. ಮರುಕ್ಷಣ ಅವಳ ಚೀರು ಕೇಳಿಸಿತು.

ಎಲ್ಲರೂ ಎದ್ದು ಓಡಿದರು. ರಾಜಾರಾಮನೂ ಹೋದ. ಪಂಚನಾದ ಮೇಲೆ ಅವನು ಒಂದು ಹಿಂದಿನ ಬಾಗಿಲು ದಾಟಿ ನೋಡಿದ್ದು ಅದೇ ಮೊದಲು.

ತಗಡಿನ ಶೆಡ್ಡು. ತಗಡು ಅಲ್ಲಲ್ಲಿ ತೂತು ಬಿದ್ದು, ಹಿಂದಿನ ಮಳೆಯ ನೀರು ಇನ್ನೂ ಮೂಲೆಯಲ್ಲಿ ನಿಂತಿತ್ತು. ಗೋಡೆಗೆ ಒತ್ತಿ ಗೋಣಿಚೀಲಗಳು. ಕೆಳಗಿನವು ತೊಯ್ದು, ಹರಿದು, ಕಪ್ಪು ರಸ ಸುರಿಸುತ್ತಿದ್ದವು. ಸೇಂದಿಯಂಥ ಹುಳಿ ವಾಸನೆ. ಚೀಲದ ಬಾಯಲ್ಲಿ ಬಿಳಿ ಹುಳು ಹರಿದಾಡುತ್ತಿದ್ದವು. ಒಂದು ಬೆಕ್ಕು ಮೇಲಿನ ಚೀಲದ ಮೇಲೆ ಮರಿ ಹಾಕಿಕೊಂಡು ಮಲಗಿತ್ತು. ಅದರ ಕಣ್ಣ ಮುಂದೆಯೇ ಇಲಿಗಳು ಓಡಾಡುತ್ತಿದ್ದವು. ಬೆಕ್ಕು ನೋಡುತ್ತಿರಲಿಲ್ಲ. ಅದೂ ಒಂಥರಾ ಪಂಚನೇ.

ಸಾಹೇಬರ ಮುಖ ಕಪ್ಪಿಟ್ಟಿತು. ಹೊಲಸು ಕಂಡದ್ದಕ್ಕಲ್ಲ, ಕಾಣಿಸಿಬಿಟ್ಟದ್ದಕ್ಕೆ. ದೀಪಾಲಿಯ ಮೊಬೈಲು ಆಗಲೇ ಟಕಟಕ ಅನ್ನುತ್ತಿತ್ತು.

ಸಾವಕಾರರು ಮಾತ್ರ ಅಂಜಲಿಲ್ಲ. ಎರಡೂ ಕೈ ಅಡ್ಡ ಹಿಡಿದು ಕೂಗಿದರು:

"ಚಪ್ಲಿ! ಚಪ್ಲಿ ಬಿಡ್ರಿ ಸಾಹೇಬ್ರ! ಅದು ದೇವರ ಮಾಲು!"

ಹೌದು, ಒಂದೊಂದು ಚೀಲಕ್ಕೂ ಅರಿಷಿಣ ಕುಂಕುಮದ ಬೊಟ್ಟು. ಒಂದೊಂದರ ಮೇಲೂ ಬಾಡಿದ ಚೆಂಡುಹೂ. ಸಾಹೇಬರು ದೈವಭಕ್ತರು. ಕೈ ತಾನಾಗಿ ಬೂಟಿನ ಲೇಸಿಗೆ ಹೋಯಿತು. ಬೂಟು ಬಿಚ್ಚಿ, ಕಾಲುಚೀಲದಲ್ಲಿ ಒಂದು ಹೆಜ್ಜೆ ಇಟ್ಟರು. ದ್ರಾಕ್ಷಿ ರಸ ಕಾಲುಚೀಲ ಹಿಡಿದುಕೊಂಡಿತು. ಅಂಟಿಕೊಂಡ ಕಾಲಲ್ಲೇ ನಿಂತು ಚೀಲಗಳಿಗೆ ಕೈಮುಗಿದರು.

"ದೇವರಿಗೆ ಬಿಟ್ಟದ್ದೇನ್ರಿ ಇದು?"

"ಮತ್ತ! ಮಾರೂ ಮಾಲಲ್ರಿ. ನಾಳೆ ಅಮಾಸಿಗೆ ದಾನ."

ಸಾಹೇಬರ ಮುಖಕ್ಕೆ ಕಳೆ ಮರಳಿತು. "ಹಂಗಾದ್ರ ಮುಗೀತು. ಮಾರೂದು ಇದ್ರ ನಮ್ಮ ಕಾಯ್ದೆ. ದೇವರದು ದೇವರ ಕಾಯ್ದೆ." ನಿಜವಾದ ಕಾಯ್ದೆ ಏನು ಹೇಳುತ್ತದೋ, ಅದನ್ನು ಓದಿದವರು ಅಲ್ಲಿ ಯಾರೂ ಇರಲಿಲ್ಲ. ಸಾಹೇಬರು ನಿಂತಲ್ಲೇ ಬರೆದು, ದೊಡ್ಡ ದನಿಯಲ್ಲಿ ಓದಿದರು: "ಸದರಿ ಗೋದಾಮಿನ ಮುಂಭಾಗವು ಸ್ವಚ್ಛವಾಗಿದ್ದು, ಹಿಂಭಾಗದಲ್ಲಿ ಧಾರ್ಮಿಕ ವಸ್ತುಗಳು ಇರುವುದನ್ನು ಪಂಚರು ಕಣ್ಣಾರೆ ಕಂಡಿರುತ್ತಾರೆ. ಹಾಕ್ರಿ ರಾಜಾರಾಮ ಅವ್ರ."

ರಾಜಾರಾಮ ಪೆನ್ನು ಊರಿದ. ಸುಮ್ಮನೆ, ಮಾತಿಗೆ ಮಾತು ಅಂತ ಕೇಳಿದ: "ಯಾವ ಗುಡಿಗ್ರಿ ಸಾವಕಾರ್ರ?"

"ಅಯ್ಯ, ನಿಮ್ಮ ಓಣಿ ದುರಗವ್ವಗ! ಹೋದ ತಿಂಗಳದ್ದೂ ಇದ ರಾಶ್ಯಾಂದು ಕೊಟ್ಟಿದ್ದೆ. ತೊಳದು, ಎಣ್ಣಿ ಕೈ ಆಡಿಸಿದ್ರ ಗುರ್ತ ಹತ್ತಂಗಿಲ್ಲ. ಹುಗ್ಗಿ ನಿಮ್ಮ ಸೋನಕ್ಕನ ಮಾಡ್ತಾಳಲಾ?"

ಪೆನ್ನು ನಿಂತಿತು.

ರಾಜಾರಾಮನ ಕಣ್ಣಿಗೆ ಅರೆ ತಟ್ಟಿದ ರೊಟ್ಟಿ ಬಿಟ್ಟು ಅಂಗೈ ನೋಡಿಕೊಳ್ಳುವ ಸೋನಾಬಾಯಿ ಬಂದಳು. ನಾಳೆ ಈ ಚೀಲ ಅವಳ ಕೊಪ್ಪರಿಗೆಗೆ ಬೀಳುತ್ತದೆ. ಸಂಜೆಗೆ ಮಕ್ಕಳು ಮತ್ತೆ ಹಾಸಿಗೆ ಹಿಡಿಯುತ್ತಾರೆ. ನಾಡಿದ್ದು ಸೌಟು ದುರಗವ್ವನ ಮುಂದೆ ಇರುತ್ತದೆ. ತನ್ನ ಸಹಿ ಮಾತ್ರ ವಿಜಯಪುರದ ಕಚೇರಿಯಲ್ಲಿ ಬೆಚ್ಚಗೆ ಇರುತ್ತದೆ.

"ಯಾಕ್ರಿ?" ಎಂದರು ಸಾಹೇಬರು.

"ಪೆನ್ನು ನಡೀವಲ್ದುರಿ."

"ನಂದು ತಗೋರಿ."

ಅದನ್ನೂ ತೆಗೆದುಕೊಂಡ. ಕೈ ಅದರಲ್ಲೂ ನಡೆಯಲಿಲ್ಲ. ಒಲ್ಲೆ ಎನ್ನಲು ಧೈರ್ಯವಿಲ್ಲ. "ರಾಜಾರಾಮ ಅವ್ರ" ಎಂದು ಕರೆದವರಿಗೆ ಒಲ್ಲೆ ಎಂದು ಅವನಿಗೆ ರೂಢಿಯಿಲ್ಲ. ಏನು ಮಾಡಬೇಕೋ ತಿಳಿಯದೆ ಅವನು ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದ. ಅರಿಷಿಣ ಕುಂಕುಮ ಕಂಡಲ್ಲಿ ಬಾಗುವುದು. ಬಾಗಿ, ಚೀಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡ ಮೇಲೆ ಮುಂದಿನದು ತಾನಾಗಿ ನೆನಪಾಯಿತು.

"ಸಾವಕಾರ್ರ, ಇದು ದುರಗವ್ವಗ ಏರಿಸ್ಯಾಯ್ತೇನ್ರಿ?"

"ಏರಿಸ್ಯಾಯ್ತು, ಏರಿಸ್ಯಾಯ್ತು! ನಿನ್ನೇನ ನಾನ ನಿಂತು ಏರಿಸೀನಿ."

"ಹಂಗಾದ್ರ ಇದು ಪ್ರಸಾದ ಆತಲ್ರಿ."

"ಆತಲಾ!"

ರಾಜಾರಾಮ ಚೀಲದ ಬಾಯಿಗೆ ಕೈ ಹಾಕಿ ಒಂದು ಹಿಡಿ ತೆಗೆದ. "ನಮ್ಮ ಓಣಿ ರೂಢಿ ಐತ್ರಿ. ಏರಿಸಿದ್ರ ಮ್ಯಾಲ ಮೊದಲ ಹಿಡಿ ಕೊಟ್ಟವ್ರು ತಗೋಬೇಕು. ಎರಡನೇದು ಬಂದ ದೊಡ್ಡವ್ರು. ಆಮ್ಯಾಲ ಚೀಲ ಎತ್ತೂದು. ತಗೋರಿ ಸಾವಕಾರ್ರ." ಅವರ ಅಂಗೈಯಲ್ಲಿ ಸುರಿದ. ಇನ್ನೊಂದು ಹಿಡಿ ತೆಗೆದು, "ಸಾಹೇಬ್ರ, ಕೈ ಒಡ್ರಿ."

ಪ್ರಸಾದ ಎಂದರೆ ಕೈ ತಾನಾಗಿ ಮುಂದೆ ಬರುತ್ತದೆ. ಬಲಗೈಯ ಕೆಳಗೆ ಎಡಗೈ ಸೇರುತ್ತದೆ. ಸಾಹೇಬರ ಕೈಗಳೂ ಬಂದವು. ಬಂದ ಮೇಲೆ ಅವರು ಅದರಲ್ಲಿ ಏನಿದೆ ಎಂದು ನೋಡಿದರು. ಅಂಟಂಟು ಹಣ್ಣಿನ ನಡುವೆ ಒಂದೆರಡು ಕರಿ ಕಾಳು ಹಣ್ಣಿನವಲ್ಲ, ಇಲಿಯವು. ಒಂದು ಹಣ್ಣು ನಡೆಯುತ್ತಿತ್ತು.

ಟೊಪ್ಪಿಗೆ ಹಾಕಿದ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ನಿಂತಿದ್ದರು. ಈಗ ಯಾರೂ ನಗು ತಡೆಯುತ್ತಿರಲಿಲ್ಲ, ಯಾಕೆಂದರೆ ಯಾರೂ ನಗುತ್ತಿರಲಿಲ್ಲ.

"ನಂದು ಗುರುವಾರದ ಉಪವಾಸ ಅದ" ಎಂದರು ಸಾಹೇಬರು, ಸಣ್ಣ ದನಿಯಲ್ಲಿ.

"ಉಪಾಸಕ್ಕ ಮಣೂಕ, ಒಣದ್ರಾಕ್ಷಿ ನಡೀತಾವಲ್ರಿ ಸಾಹೇಬ್ರ" ಎಂದ ಬಂದೇನವಾಜ. "ನಮ್ಮ ಅಂಗಡ್ಯಾಗ ಉಪಾಸದವ್ರು ಅದನ್ನ ಕೇಳ್ತಾರ."

"ಸಾವಕಾರ್ರು ಮೊದಲ ತಗೊಳ್ಳಿ" ಎಂದರು ಸಾಹೇಬರು.

"ನನಗ ಶುಗರ್ ಐತ್ರಿ!" ಸಾವಕಾರರು ಒಂದು ಹೆಜ್ಜೆ ಹಿಂದೆ ಸರಿದರು. "ಡಾಕ್ಟ್ರು ದ್ರಾಕ್ಷಿ ಮುಟ್ಟಬ್ಯಾಡ ಅಂದಾರ."

"ಒಂದ ಕಾಳು ಸಾವಕಾರ್ರ. ತಾಯಿ ನೋಡಾಕತ್ಯಾಳ" ಎಂದ ರಾಜಾರಾಮ. ಅವನು ಚೇಷ್ಟೆಗೆ ಅಂದದ್ದಲ್ಲ. ನಿಜವಾಗಿಯೂ ನೋಡುತ್ತಿದ್ದಾಳೆ ಎಂದೇ ಅವನಿಗೆ ಅನ್ನಿಸಿತ್ತು. ಅನ್ನಿಸಿದ್ದರಿಂದಲೇ ಅವನ ದನಿ ನಡುಗಲಿಲ್ಲ.

"ದೀಪಾಲಿ, ನೀ..." ಎಂದು ಸಾಹೇಬರು ತಿರುಗಿದರು.

"ನಾ ಫೋಟೋ ತಗೀಲಿಕತ್ತೀನಿ ಸರ್. ನೀವು ಬಾಯಿಗೆ ಹಾಕ್ಕೋರಿ, ಛಲೋ ಬರ್ತದ."

ಅಂಗೈಯಲ್ಲಿದ್ದ ಹಣ್ಣು ನಡೆಯುತ್ತ ಮಣಿಕಟ್ಟಿಗೆ ಬಂದಿತ್ತು. ಬಿಸಾಡಿದರೆ ಪ್ರಸಾದ ಬಿಸಾಡಿದ ಪಾಪ. ತಿಂದರೆ ಸಂಜೆಗೆ ಸಲಾಯಿನ್. ಸರಕಾರಿ ನೌಕರಿಯಲ್ಲಿ ಸಾಹೇಬರು ಎಷ್ಟೋ ಇಕ್ಕಟ್ಟಿನಿಂದ ಪಾರಾಗಿದ್ದರು. ಒಂದೇ ದಾರಿ ಕಂಡಿತು.

"ಸಾವಕಾರ್ರ, ಪೂಜಾರಿ ಬಂದಿದ್ನೇನು?"

"ಪೂಜಾರಿ... ಇಲ್ರಿ."

"ಮಂಗಳಾರತಿ?"

"ಗೋದಾಮಿನಾಗ ಎಲ್ಲಿ ಮಂಗಳಾರತಿರಿ..."

"ಕಾಯಿ ಒಡದ್ರಿ?"

"ಬರೇ ಬೊಟ್ಟು ಹಚ್ಚೀನ್ರಿ."

"ಹಂಗಾದ್ರ ಇದು ಪ್ರಸಾದ ಅಲ್ಲ!" ಸಾಹೇಬರು ಎರಡೂ ಕೈ ಝಾಡಿಸಿದರು. ಕುಂಕುಮದ ಋಣ ಹರಿದ ಸಂತೋಷ ಅವರ ದನಿಯಲ್ಲಿತ್ತು. "ಇದು ಮಾಲು! ಬರೇ ಮಾಲು!"

"ಮಾಲು ಅಂದ್ರ" ಎಂದ ರಾಜಾರಾಮ, ಮೆಲ್ಲಗೆ, "ನಿಮ್ಮ ಕಾಯ್ದೇದಾಗ ಬರ್ತೈತಿ ಅಲ್ರಿ?"

ಸಾಹೇಬರು ಸುತ್ತ ನೋಡಿದರು. ಬಾಗಿಲ ತುಂಬ ಹೆಂಗಸರು. ದೀಪಾಲಿಯ ಮೊಬೈಲು. ಅಂಗಿಯ ತೋಳಿನಲ್ಲಿ ಹುಳು.

"ಬರ್ತದ!" ಎಂದು ಚೀರಿದರು. "ಕೊಳತ ಮಾಲು! ಹೂಳ್ರಿ ಇದನ್ನ! ಜೆಸಿಬಿ ಕರಸ್ರಿ!"

ಹಿಂದಿನ ಬಯಲಿನಲ್ಲಿ ತಗ್ಗು ತೋಡಿ, ಚೀಲಗಳನ್ನು ತಳ್ಳಿ, ಫಿನಾಯಿಲ್ ಸುರಿದು ಮಣ್ಣು ಮುಚ್ಚಿದರು. ಅದಕ್ಕೂ ಮೊದಲು ರಾಜಾರಾಮ ಪ್ರತಿ ಚೀಲದ ಬೊಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಯಾರೂ ಹೇಳಿರಲಿಲ್ಲ. ಆಮೇಲೆ ಹೊಸದಾಗಿ ಬರೆದ ಪಂಚನಾಮೆಗೆ ಸಹಿ ಹಾಕಿದ. ಕಣ್ಣಾರೆ ಕಂಡಿದ್ದೇನೆ ಎನ್ನುವ ಸಾಲಿನ ಮೇಲೆ ಒಮ್ಮೆ ಬೆರಳು ಆಡಿಸಿದ. ಈ ಸಲ ಪೆನ್ನು ತೊಂದರೆ ಕೊಡಲಿಲ್ಲ. ಗೋದಾಮಿಗೆ ಸೀಲೂ ಬಿತ್ತು. ಹಿಂದಿನ ಬಾಗಿಲಿಗೆ ಚಿಲಕವೇ ಇರಲಿಲ್ಲವಾದ್ದರಿಂದ ಅರಗಿನ ಸೀಲು ಮುಂದಿನ ಸ್ವಚ್ಛ ಬಾಗಿಲಿಗೆ ಬಿತ್ತು. ಬೆಕ್ಕು ಹಿಂದಿನಿಂದ ಒಂದೊಂದೇ ಮರಿ ಕಚ್ಚಿಕೊಂಡು ಹೊರಗೆ ಸಾಗಿಸಿತು.

ಮನೆಗೆ ಬಂದಾಗ ಸೋನಾಬಾಯಿ ಗೋಧಿ ಕುಟ್ಟುತ್ತಿದ್ದಳು.

"ಏನ್ ನೋಡದ ಬಂದ್ರಿ?"

ರಾಜಾರಾಮ ಅವಳ ಮುಂದೆ ಕೈ ಚಾಚಿದ. ತೊಳೆದಿದ್ದರೂ ಹುಳಿ ವಾಸನೆ ಹೋಗಿರಲಿಲ್ಲ. ಅವಳು ಮೂಸಿ ಮುಖ ತಿರುಗಿಸಿದಳು.

"ಹೋದ ಅಮಾಸಿ ಹುಗ್ಗ್ಯಾಗ ಇದ ಇತ್ತು" ಎಂದ. "ನಿನ್ನ ಕೈ ಅಲ್ಲ."

ಅವಳು ಒನಕೆ ಎತ್ತಿ ಮತ್ತೆ ಕುಟ್ಟತೊಡಗಿದಳು. ಕುಟ್ಟುತ್ತಲೇ, "ಆ ಅಂಗಿ ತಗದು ಹಾಕ್ರಿ, ವಾಸನಿ ಬಡೀತೈತಿ. ಒಗದು ಕೊಡ್ತೀನಿ" ಎಂದಳು. ಆ ಅಂಗಿಯನ್ನು ಅವಳು ತಾನಾಗಿ ಒಗೆಯುತ್ತೇನೆ ಎಂದದ್ದು ಅದೇ ಮೊದಲು.

ಬಂದೇನವಾಜನ ಉಕ್ಕಿ ಹೋದ ಹಾಲಿನ ಕತೆಯೊಂದಿಗೆ ಗೋದಾಮಿನ ಕತೆ ಅಷ್ಟರಲ್ಲಿ ಓಣಿ ಸೇರಿತ್ತು. ಮರುದಿನ ಹುಗ್ಗಿ ದ್ರಾಕ್ಷಿ ಇಲ್ಲದೆ ಬೆಂದಿತು. ತಾಯಂದಿರು ಮಕ್ಕಳ ರೆಟ್ಟೆ ಹಿಡಿದುಕೊಂಡು ದೂರ ನಿಂತಿದ್ದರು. ಸಕ್ರವ್ವ ಎಲ್ಲರಿಗಿಂತ ಮೊದಲು ಎಲೆ ಹಾಕಿಸಿಕೊಂಡು ನೆಲಕ್ಕೆ ಕೂತಳು, ಉಂಡಳು, ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಬೆಲ್ಲ ಒಂಚೂರು ಮುಂದ ಆಗೇತಿ, ಸೋನವ್ವಾ" ಎಂದಳು. "ಇನ್ನೊಂದು ಸೌಟು ಹಾಕು."

ರೆಟ್ಟೆಗಳು ಬಿಟ್ಟವು. ಮಕ್ಕಳು ಓಡಿ ಬಂದು ಕೂತರು. ಸೋನಾಬಾಯಿ ಬಡಿಸುತ್ತ ಬಡಿಸುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆಗೆ ಬೈದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಸಂಜೆಗೆ ಯಾವ ಮಗುವೂ ಹಾಸಿಗೆ ಹಿಡಿಯಲಿಲ್ಲ.

ಪತ್ರಿಕೆಯಲ್ಲಿ ಸಾಹೇಬರ ಫೋಟೋ ಬಂತು. ಮೂಗಿಗೆ ಕರವಸ್ತ್ರ, ಹಿಂದೆ ತಗ್ಗು, "ಅಧಿಕಾರಿಯ ಕಟ್ಟುನಿಟ್ಟಿನ ಕ್ರಮ". ಜೀಪುಗಳು ಬಸ್ ನಿಲ್ದಾಣಕ್ಕೆ ಈಗಲೂ ಬರುತ್ತವೆ. ಆದರೆ ಬಾಕಿನ ಎಡತುದಿ ದಾಟಿ, ಔಷಧಿ ಅಂಗಡಿಯ ಮುಂದೆ ನಿಲ್ಲುತ್ತವೆ. ಒಳಗೆ ಹೋಗಿ ನೋಡುವ ಪಂಚ ಯಾವ ಇಲಾಖೆಗೆ ಬೇಕು? ಮೊದಮೊದಲು ರಾಜಾರಾಮನಿಗೆ ಅದು ನೋವಾಗುತ್ತಿತ್ತು. ಜೀಪಿನ ಸದ್ದು ಕೇಳಿದರೆ ಅರ್ಧ ಎದ್ದು, ಮತ್ತೆ ಕೂರುತ್ತಿದ್ದ.

ಮುಂದಿನ ಅಮಾವಾಸ್ಯೆಗೆ ಅಮೋಘಿ ಸಾವಕಾರರ ಮನೆಯಿಂದ ಮತ್ತೆ ಒಣದ್ರಾಕ್ಷಿ ಬಂತು. ಅರಿಷಿಣ ಕುಂಕುಮದ ಸಮೇತ. ಸೋನಾಬಾಯಿ ಅದನ್ನು ಮೊರದಲ್ಲಿ ಹರವಿ, ತಂದ ಆಳಿಗೆ ಹೇಳಿದಳು: "ಸಾವಕಾರ್ರನ ಬರಾಕ ಹೇಳಪ್ಪಾ. ಮೊದಲ ಹಿಡಿ ಅವರದು."

ಸಾವಕಾರರು ಬಂದರು. ಬರದೆ ಇರಲು ಆಗುವುದಿಲ್ಲ, ಓಣಿಗೆ ಓಣಿಯೇ ಗುಡಿಯ ಮುಂದೆ ಕಾಯುತ್ತಿತ್ತು. ಸಕ್ರವ್ವ ಕಾಯಿ ಒಡೆಸಿ, ಮಂಗಳಾರತಿ ಮಾಡಿಸಿದಳು, ಈ ಸಲ ಏನೂ ಬಾಕಿ ಇರಬಾರದೆಂದು. ರಾಜಾರಾಮ ಒಗೆದ ಬಿಳಿ ಅಂಗಿ ತೊಟ್ಟು, ಸಾವಕಾರರ ಬಾಯಿಗೆ ಮೊಳದಷ್ಟು ಹತ್ತಿರ ನಿಂತು ನೋಡಿದ. ಹಣ್ಣು ಬಂಗಾರದ ಬಣ್ಣದ್ದು, ಹೊಸ ಹಂಗಾಮಿನದು. ಸಾವಕಾರರು ಇಡೀ ಹಿಡಿಯನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದರು.

ಆವತ್ತು ಅವರಿಗೆ ಶುಗರ್ ಇರಲಿಲ್ಲ.